ಗ್ರಹ ವಾಲಿದರೆ ಗಾಳಿಯ ಕೆಮಿಸ್ಟ್ರಿಯೂ ಬದಲಾಗುತ್ತದೆಯೇ?

ಪ್ರಶ್ನೆ: ಗ್ರಹದ ಅಕ್ಷ ವಾಲಿರುವುದರಿಂದಲೇ ಋತುಗಳು ಬರುತ್ತವೆ ಎಂದು ಶಾಲೆಯಲ್ಲಿ ಓದಿದ್ದೇವೆ. ಆ ಓರೆ ಸಾವಿರಾರು ವರ್ಷಗಳಲ್ಲಿ ಹೆಚ್ಚುಕಡಿಮೆ ಆಗುತ್ತದಂತೆ. ಆಗ ಚಳಿ, ಸೆಕೆ ಬದಲಾಗುವುದು ಅರ್ಥವಾಗುತ್ತದೆ. ಆದರೆ ಗಾಳಿಯಲ್ಲಿ ಯಾವ ಅನಿಲ ಎಷ್ಟಿದೆ ಎನ್ನುವುದೂ ಬದಲಾಗುತ್ತದೆಯೇ? ಅಕ್ಷದ ಓರೆಗೂ ರಾಸಾಯನಿಕ ಕ್ರಿಯೆಗೂ ಏನು ಸಂಬಂಧ? (ಒಬ್ಬ ಬಿ.ಎಸ್‌ಸಿ. ವಿದ್ಯಾರ್ಥಿನಿ)

ಉತ್ತರ: ಬದಲಾಗುತ್ತದೆ. ಕೆಲವು ಗ್ರಹಗಳಲ್ಲಿ ತುಂಬಾನೇ ಬದಲಾಗುತ್ತದೆ. ಆದರೆ ಓರೆ ತಾನಾಗಿ ಯಾವ ಅಣುವನ್ನೂ ಮುಟ್ಟುವುದಿಲ್ಲ. ಯಾವ ಜಾಗಕ್ಕೆ ಎಷ್ಟು ಬಿಸಿಲು, ಎಷ್ಟು ಕಾಲ ಬೀಳಬೇಕು ಎನ್ನುವುದನ್ನು ಅದು ತೀರ್ಮಾನಿಸುತ್ತದೆ. ಮಂಜುಗಡ್ಡೆ ಎಲ್ಲಿ ಕೂರಬೇಕು, ಎಷ್ಟು ಆವಿಯಾಗಬೇಕು ಎನ್ನುವುದನ್ನು ಬಿಸಿಲು ತೀರ್ಮಾನಿಸುತ್ತದೆ. ಆಮೇಲಿನ ಕೆಲಸವೆಲ್ಲ ಆ ನೀರಾವಿಯದು. ನಿಮ್ಮ ಪ್ರಶ್ನೆಗೆ ಉತ್ತರ ಈ ನೀರಾವಿಯಲ್ಲೇ ಇದೆ. ಅದನ್ನು ನೋಡಲು ಭೂಮಿಗಿಂತ ಮಂಗಳ ಒಳ್ಳೆಯ ಜಾಗ.

ಯಾಕೆ ಮಂಗಳ? ಮೊದಲು ಓರೆಯ ಲೆಕ್ಕ ನೋಡಿ. ಭೂಮಿಯ ಅಕ್ಷ ಈಗ 23.4 ಡಿಗ್ರಿ ವಾಲಿದೆ. ಸುಮಾರು 41,000 ವರ್ಷಗಳ ಸುತ್ತಿನಲ್ಲಿ ಅದು 22.1ರಿಂದ 24.5 ಡಿಗ್ರಿಯ ನಡುವೆ ಓಡಾಡುತ್ತದೆ, ಅಷ್ಟೇ. ನಮ್ಮ ದೊಡ್ಡ ಚಂದ್ರ ಅದನ್ನು ಹಿಡಿದು ನಿಲ್ಲಿಸಿದ್ದಾನೆ. ಮಂಗಳದ ಓರೆ ಈಗ 25.2 ಡಿಗ್ರಿ, ಹೆಚ್ಚುಕಡಿಮೆ ನಮ್ಮಷ್ಟೇ. ಆದರೆ ಅದು ಸುಮ್ನೆ ಕಾಕತಾಳೀಯ. ಮಂಗಳದ ಎರಡು ಉಪಗ್ರಹಗಳು ತೀರಾ ಪುಟ್ಟವು. ಗುರುಗ್ರಹವೂ ಬೇರೆ ಗ್ರಹಗಳೂ ಎಳೆದ ಹಾಗೆಲ್ಲ ಅದರ ಅಕ್ಷ ಓಲಾಡುತ್ತದೆ. 1993ರಲ್ಲಿ ಫ್ರಾನ್ಸಿನ ಜಾಕ್ ಲಾಸ್ಕರ್ ಮತ್ತು ಫಿಲಿಪ್ ರೋಬುಟೆಲ್ ಲೆಕ್ಕ ಹಾಕಿ, ಮಂಗಳದ ಓರೆ ಸೊನ್ನೆಯಿಂದ 60 ಡಿಗ್ರಿವರೆಗೆ ಎಲ್ಲಿ ಬೇಕಾದರೂ ಹೋಗಬಹುದು ಎಂದು ತೋರಿಸಿದರು. ಅದೇ ವರ್ಷ ಅಮೆರಿಕದ ಜಿಹಾದ್ ತೂಮಾ ಮತ್ತು ಜಾಕ್ ವಿಸ್ಡಮ್ ಕೂಡ ಆ ಓಲಾಟಕ್ಕೆ ಲೆಕ್ಕದ ಹಿಡಿತವಿಲ್ಲ ಎಂದು ಕಂಡುಕೊಂಡರು. ಹತ್ತಿರದ ಕಾಲದ್ದು ಮಾತ್ರ ಚೆನ್ನಾಗಿ ಗೊತ್ತಿದೆ. ಕಳೆದ ಹತ್ತಿಪ್ಪತ್ತು ಲಕ್ಷ ವರ್ಷಗಳಲ್ಲಿ ಅದು ಸುಮಾರು 15ರಿಂದ 35 ಡಿಗ್ರಿಯ ನಡುವೆ ಏರಿಳಿದಿದೆ. ಒಂದು ಏರಿಳಿತಕ್ಕೆ ಸುಮಾರು 1,20,000 ವರ್ಷ. 50 ಲಕ್ಷ ವರ್ಷಗಳ ಹಿಂದೆ ಅದರ ಸರಾಸರಿಯೇ 35 ಡಿಗ್ರಿಯ ಹತ್ತಿರ ಇತ್ತು.

ಈಗ ಮಂಗಳದ ಗಾಳಿಗೆ ಬರೋಣ. ಅದು ತುಂಬಾ ತೆಳು. ನೆಲದ ಮಟ್ಟದಲ್ಲೂ ಒತ್ತಡ ಸರಾಸರಿ ಆರೇಳು ಮಿಲಿಬಾರ್, ನಮ್ಮದಕ್ಕೆ ಹೋಲಿಸಿದರೆ ನೂರರಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಅದರಲ್ಲಿ ನೂರಕ್ಕೆ 95 ಪಾಲು ಕಾರ್ಬನ್ ಡೈಆಕ್ಸೈಡ್. ಉಳಿದದ್ದು ನೈಟ್ರೋಜನ್, ಆರ್ಗಾನ್. ಆಕ್ಸಿಜನ್ 0.16 ಪಾಲು, ಕಾರ್ಬನ್ ಮಾನಾಕ್ಸೈಡ್ ಬರೀ 0.06 ಪಾಲು.

ವಿಜ್ಞಾನಿಗಳ ತಲೆ ತಿಂದದ್ದು ಈ ಕೊನೆಯ ಎರಡು ಅಂಕಿಗಳೇ. ಸೂರ್ಯನ ಅತಿನೇರಳೆ ಕಿರಣ ಕಾರ್ಬನ್ ಡೈಆಕ್ಸೈಡ್ ಅಣುವನ್ನು ಒಡೆಯುತ್ತದೆ. ಒಂದು ಕಾರ್ಬನ್ ಮಾನಾಕ್ಸೈಡ್, ಒಂದು ಆಕ್ಸಿಜನ್ ಪರಮಾಣು ಸಿಗುತ್ತವೆ. ಒಡೆದದ್ದು ಮತ್ತೆ ಕೂಡಿಕೊಳ್ಳಬಹುದಲ್ಲ ಎಂದು ನೀವು ಕೇಳಬಹುದು. ನೇರವಾಗಿ ಕೂಡುವುದು ಬಹಳ ನಿಧಾನ. ಅದಕ್ಕಿಂತ ಬೇಗ ಎರಡು ಆಕ್ಸಿಜನ್ ಪರಮಾಣುಗಳು ಸೇರಿ ಆಕ್ಸಿಜನ್ ಅಣುವಾಗುತ್ತವೆ. ಹೀಗೇ ಬಿಟ್ಟರೆ ಕೆಲವೇ ಸಾವಿರ ವರ್ಷಗಳಲ್ಲಿ ಮಂಗಳದ ಗಾಳಿಯಲ್ಲಿ ಈ ಎರಡೇ ರಾಶಿ ಬೀಳಬೇಕಿತ್ತು. ಹಾಗಾಗಿಲ್ಲ. ಅಂದರೆ ಒಡೆದದ್ದನ್ನು ಯಾರೋ ಮತ್ತೆ ಜೋಡಿಸುತ್ತಿದ್ದಾರೆ.

ಜೋಡಿಸುವವರು ಯಾರು ಎಂದು 1972ರಲ್ಲಿ ಗೊತ್ತಾಯಿತು. ಮೈಕೆಲ್ ಮ್ಯಾಕೆಲ್ರಾಯ್ ಮತ್ತು ಥಾಮಸ್ ಡೊನಾಹ್ಯೂ ಒಂದು ಕಡೆ, ಪಾರ್ಕಿನ್‌ಸನ್ ಮತ್ತು ಡೊನಾಲ್ಡ್ ಹಂಟನ್ ಇನ್ನೊಂದು ಕಡೆ, ಇಬ್ಬರೂ ನೀರಿನತ್ತ ಬೆರಳು ತೋರಿಸಿದರು. ನೀರಾವಿಯ ಅಣು ಒಡೆದರೆ ಹೈಡ್ರೋಜನ್ ಮತ್ತು ಹೈಡ್ರಾಕ್ಸಿಲ್ ಎಂಬ ಚುರುಕಾದ ತುಣುಕು ಸಿಗುತ್ತವೆ. ಹೈಡ್ರಾಕ್ಸಿಲ್ ಹೋಗಿ ಕಾರ್ಬನ್ ಮಾನಾಕ್ಸೈಡಿಗೆ ತನ್ನ ಆಕ್ಸಿಜನ್ ಕೊಡುತ್ತದೆ. ಕಾರ್ಬನ್ ಡೈಆಕ್ಸೈಡ್ ಮರಳಿ ಹುಟ್ಟುತ್ತದೆ, ಒಂದು ಹೈಡ್ರೋಜನ್ ಉಳಿಯುತ್ತದೆ. ಆ ಹೈಡ್ರೋಜನ್ ಒಂದು ಆಕ್ಸಿಜನ್ ಅಣುವನ್ನು ಹಿಡಿಯುತ್ತದೆ. ಹಾಗೆ ಹುಟ್ಟಿದ್ದು ಒಂಟಿ ಆಕ್ಸಿಜನ್ ಪರಮಾಣುವಿಗೆ ಡಿಕ್ಕಿ ಹೊಡೆದರೆ ಮತ್ತೆ ಹೈಡ್ರಾಕ್ಸಿಲ್ ತಯಾರು. ಒಳ್ಳೆಯ ಮದುವೆ ದಲ್ಲಾಳಿಯ ಹಾಗೆ ಅದು ಒಂದು ಜೋಡಿ ಕೂಡಿಸಿ, ತಾನು ಖಾಲಿಯಾಗದೆ ಮುಂದಿನ ಮನೆಗೆ ಹೊರಡುತ್ತದೆ. ಹಾಗಾಗಿ ಸ್ವಲ್ಪವೇ ಸ್ವಲ್ಪ ನೀರಾವಿ ಇದ್ದರೂ ಸಾಕು, ಇಡೀ ಗ್ರಹದ ಗಾಳಿ ರಿಪೇರಿಯಾಗುತ್ತಿರುತ್ತದೆ.

ಎಷ್ಟು ಸ್ವಲ್ಪ ಗೊತ್ತೇ? ಮಂಗಳದ ಗಾಳಿಯಲ್ಲಿರುವ ನೀರಾವಿಯನ್ನೆಲ್ಲ ನೆಲಕ್ಕಿಳಿಸಿ ಹರಡಿದರೆ ಸರಾಸರಿ 10 ಮೈಕ್ರೋಮೀಟರ್ ದಪ್ಪದ ನೀರಿನ ಪದರ ಸಿಗುತ್ತದೆ. ನಮ್ಮ ತಲೆಗೂದಲಿಗಿಂತ ತೆಳು. ಭೂಮಿಯಲ್ಲಿ ಇದೇ ಲೆಕ್ಕಕ್ಕೆ ಸುಮಾರು 25 ಮಿಲಿಮೀಟರ್ ಸಿಗುತ್ತದೆ. ಮಂಗಳದ ಕೆಮಿಸ್ಟ್ರಿ ಇಷ್ಟು ಚಿಕ್ಕ ಬಂಡವಾಳದ ಮೇಲೆ ನಡೆಯುತ್ತಿದೆ. ಆದ್ದರಿಂದಲೇ ನೀರಾವಿ ಸ್ವಲ್ಪ ಏರಿದರೂ ಇಳಿದರೂ ಅಲ್ಲಿ ಲೆಕ್ಕ ಬದಲಾಗುತ್ತದೆ. ನಮ್ಮಲ್ಲಿ ಹಾಗಲ್ಲ.

ಇದನ್ನು ಬರೀ ಕಾಗದದ ಮೇಲಿನ ಸಿದ್ಧಾಂತ ಅಂದುಕೊಳ್ಳಬೇಡಿ. ಪ್ರತಿ ಚಳಿಗಾಲವೂ ಮಂಗಳ ನಮಗೆ ಈ ಪ್ರಯೋಗ ಮಾಡಿ ತೋರಿಸುತ್ತದೆ. ಧ್ರುವದಲ್ಲಿ ಚಳಿಗಾಲ ಬಂದಾಗ ಅಲ್ಲಿನ ನೀರಾವಿ ಎಲ್ಲಾ ಹೆಪ್ಪುಗಟ್ಟಿ ಕೆಳಗೆ ಬೀಳುತ್ತದೆ. ಹೈಡ್ರಾಕ್ಸಿಲ್ ಮತ್ತು ಅದರ ಬಳಗ ಇಲ್ಲವಾಗುತ್ತದೆ. ಓಝೋನನ್ನು ತಿನ್ನುತ್ತಿದ್ದದ್ದೂ ಇದೇ ಬಳಗ. ಅದು ಹೋದ ಮೇಲೆ ಓಝೋನ್ ಕೂಡಿಬೀಳುತ್ತದೆ. 1969ರಲ್ಲಿ ಮ್ಯಾರಿನರ್ 7 ಮಂಗಳದ ಪಕ್ಕದಲ್ಲಿ ಹಾದುಹೋಗುವಾಗ ಓಝೋನ್ ಕಂಡದ್ದು ದಕ್ಷಿಣ ಧ್ರುವದ ಕಡೆಗೇ. ಎರಡು ವರ್ಷ ಬಿಟ್ಟು ಹೋದ ಮ್ಯಾರಿನರ್ 9, ಆಮೇಲಿನ ಮಾರ್ಸ್ ಎಕ್ಸ್‌ಪ್ರೆಸ್ ಎಲ್ಲವೂ ಇದನ್ನೇ ಖಚಿತಪಡಿಸಿದವು. ಎಲ್ಲಿ ನೀರಾವಿ ಜಾಸ್ತಿಯೋ ಅಲ್ಲಿ ಓಝೋನ್ ಕಡಿಮೆ. ಎಲ್ಲಿ ನೀರಾವಿ ಇಲ್ಲವೋ ಅಲ್ಲಿ ಓಝೋನ್ ಜಾಸ್ತಿ. ಜಾಸ್ತಿ ಎಂದರೂ ಭೂಮಿಯ ಓಝೋನಿನ ಪಕ್ಕದಲ್ಲಿ ಅದು ನೂರಕ್ಕೆ ಒಂದೆರಡು ಪಾಲು ಅಷ್ಟೇ. ಆದರೆ ಈ ಏರಿಳಿತ ಮುಖ್ಯ. ಒಂದು ಋತುವಿನಲ್ಲಿ ಇಷ್ಟಾಗುವುದಾದರೆ, ಓರೆಯೇ ಬದಲಾದರೆ ಏನಾಗಬೇಡ?

ಓರೆ ಹೆಚ್ಚಾದರೆ ಏನಾಗುತ್ತದೆ ಎಂದು ಉತ್ತರ ಧ್ರುವದಲ್ಲಿ ನಿಂತು ನೋಡೋಣ. ನಡು ಬೇಸಿಗೆಯ ದಿನ ಧ್ರುವದಲ್ಲಿ ಸೂರ್ಯ ಮುಳುಗುವುದಿಲ್ಲ. ಇಡೀ ದಿನ ಒಂದೇ ಎತ್ತರದಲ್ಲಿ ಸುತ್ತುತ್ತಾನೆ. ಆ ಎತ್ತರ ಎಷ್ಟು? ಗ್ರಹದ ಓರೆ ಎಷ್ಟು ಡಿಗ್ರಿಯೋ ಅಷ್ಟೇ ಡಿಗ್ರಿ. ಈಗ ಮಂಗಳದಲ್ಲಿ 25 ಡಿಗ್ರಿ. ಓರೆ 45ಕ್ಕೆ ಏರಿದರೆ ಸೂರ್ಯ ದಿಗಂತಕ್ಕೂ ನೆತ್ತಿಗೂ ನಟ್ಟನಡುವೆ ನಿಂತು ಹಗಲೂ ರಾತ್ರಿ ಕಾಯಿಸುತ್ತಾನೆ. ನೆಲಕ್ಕೆ ಬೀಳುವ ಬಿಸಿಲು ಈಗಿನ ಸುಮಾರು 1.7 ಪಟ್ಟು ಆಗುತ್ತದೆ. ಅಷ್ಟೇನಾ ಅನ್ನಿಸಬಹುದು. ಆದರೆ ಮಂಜುಗಡ್ಡೆ ಆವಿಯಾಗುವ ರೀತಿ ಬೇರೆ. ಮೈನಸ್ 73 ಡಿಗ್ರಿಯಿಂದ ಮೈನಸ್ 53 ಡಿಗ್ರಿಗೆ ಬಿಸಿಯಾದರೆ, ಅಂದರೆ ಬರೀ 20 ಡಿಗ್ರಿ ಏರಿದರೆ, ಮಂಜಿನ ಮೇಲಿನ ಆವಿಯ ಒತ್ತಡ ಸುಮಾರು 16 ಪಟ್ಟು ಹೆಚ್ಚುತ್ತದೆ. ಧ್ರುವದ ಮೇಲೆ ಕಿಲೋಮೀಟರುಗಟ್ಟಲೆ ದಪ್ಪದ ಮಂಜಿನ ರಾಶಿ ಕಾದು ಕೂತಿದೆ. ಹಾಗಾಗಿ ಓರೆ ಹೆಚ್ಚಿದ ಕಾಲದಲ್ಲಿ ಮಂಗಳದ ಗಾಳಿಗೆ ನೀರಾವಿ ಈಗಿನ ಹತ್ತಾರು ಪಟ್ಟು ಸೇರುತ್ತಿತ್ತು ಎನ್ನುತ್ತವೆ ಕಂಪ್ಯೂಟರ್ ಮಾದರಿಗಳು.

ಆ ಆವಿ ಎಲ್ಲಿಗೆ ಹೋಯಿತು ಎಂಬುದಕ್ಕೆ ನೆಲದ ಮೇಲೆ ಗುರುತು ಉಳಿದಿದೆ. ಸಮಭಾಜಕದ ಹತ್ತಿರ, ಥಾರ್ಸಿಸ್ ಪ್ರಸ್ಥಭೂಮಿಯ ದೊಡ್ಡ ಜ್ವಾಲಾಮುಖಿಗಳ ಪಶ್ಚಿಮ ಇಳಿಜಾರಿನಲ್ಲಿ ಹಿಮನದಿಗಳು ಬಿಟ್ಟುಹೋದ ಕಲ್ಲುಮಣ್ಣಿನ ಹಾಸುಗಳಿವೆ. ಆರ್ಸಿಯಾ ಮಾನ್ಸ್ ಬುಡದಲ್ಲಿರುವ ಹಾಸು ಒಂದೇ ಸುಮಾರು 1,70,000 ಚದರ ಕಿಲೋಮೀಟರ್ ಇದೆ. ಈಗ ಅಲ್ಲಿ ಹಿಮನದಿ ನಿಲ್ಲುವ ಪ್ರಶ್ನೆಯೇ ಇಲ್ಲ. 2006ರಲ್ಲಿ ಫ್ರಾನ್ಸಿನ ಫ್ರಾಂಸ್ವಾ ಫೊರ್ಜೆ ತಂಡ ತಮ್ಮ ಹವಾಮಾನ ಮಾದರಿಯಲ್ಲಿ ಓರೆಯನ್ನು 45 ಡಿಗ್ರಿಗೆ ಇಟ್ಟು ನೋಡಿತು. ಧ್ರುವದಿಂದ ಎದ್ದ ಆವಿ ಬಂದು ಮಂಜಾಗಿ ಬಿದ್ದದ್ದು ಸರಿಯಾಗಿ ಆ ಪಶ್ಚಿಮ ಇಳಿಜಾರುಗಳಲ್ಲೇ! ಈ ವಿಷಯದಲ್ಲಿ ನನಗೆ ಅತ್ಯಂತ ಇಷ್ಟವಾದ ಫಲಿತಾಂಶ ಇದು. ಲೆಕ್ಕ ಹೇಳಿದ್ದನ್ನು ಕಲ್ಲು ಒಪ್ಪಿಕೊಂಡಿದೆ.

ಇಷ್ಟು ಆವಿ ಇರುವ ಗಾಳಿಯಲ್ಲಿ ಕೆಮಿಸ್ಟ್ರಿ ಹೇಗಿರುತ್ತದೆ? ಹೈಡ್ರಾಕ್ಸಿಲ್ ಜಾಸ್ತಿ. ಕಾರ್ಬನ್ ಮಾನಾಕ್ಸೈಡ್ ಬೇಗ ಬೇಗ ಕಾರ್ಬನ್ ಡೈಆಕ್ಸೈಡ್ ಆಗಿಬಿಡುತ್ತದೆ, ಹಾಗಾಗಿ ಅದು ಕಡಿಮೆ. ಓಝೋನೂ ಕಡಿಮೆ. ಜೊತೆಗೆ ಹೈಡ್ರೋಜನ್ ಪೆರಾಕ್ಸೈಡ್ ಹೆಚ್ಚುತ್ತದೆ. ಗಾಯ ತೊಳೆಯಲು ಬಳಸುತ್ತೇವಲ್ಲ, ಅದೇ. ಈಗಲೂ ಮಂಗಳದ ಗಾಳಿಯಲ್ಲಿ ಅದು ಇದೆ. 2003ರಲ್ಲಿ ಹವಾಯಿಯ ಮೌನಾ ಕೀ ಶಿಖರದ ದೂರದರ್ಶಕಗಳಿಂದ ಎರಡು ತಂಡಗಳು ಅದನ್ನು ಹಿಡಿದವು. ಪ್ರಮಾಣ ಶತಕೋಟಿಗೆ ಹತ್ತಾರು ಅಣು ಮಾತ್ರ. ಆದರೆ ಅದು ಮಣ್ಣಿಗಿಳಿದರೆ ಸಾವಯವ ಅಣುಗಳನ್ನು ಸುಟ್ಟುಹಾಕುತ್ತದೆ. ಹಾಗಾಗಿ ಮಂಗಳದ ಮಣ್ಣಿನಲ್ಲಿ ಹಳೆಯ ಜೀವದ ಕುರುಹು ಹುಡುಕುವವರಿಗೆ ಓರೆಯ ಇತಿಹಾಸವೂ ಬೇಕಾಗುತ್ತದೆ.

ಇನ್ನು ಓರೆ ಕಡಿಮೆಯಾದರೆ? ಆಗ ಎರಡು ಬೇರೆ ಬೇರೆ ಸಂಗತಿಗಳು ನಡೆಯುತ್ತವೆ. ಇವನ್ನು ಬೆರೆಸಬಾರದು.

ಮೊದಲನೆಯದಕ್ಕೆ ರಾಸಾಯನಿಕ ಕ್ರಿಯೆಯೇ ಬೇಕಿಲ್ಲ. ಓರೆ 15 ಡಿಗ್ರಿಗಿಳಿದರೆ ಧ್ರುವದ ಬೇಸಿಗೆ ಬಿಸಿಲು ಈಗಿನ ನೂರಕ್ಕೆ 60 ಪಾಲಿಗೆ ಇಳಿಯುತ್ತದೆ. ಧ್ರುವ ತಣ್ಣಗಾಗುತ್ತಾ ಹೋದ ಹಾಗೆ ಕಾರ್ಬನ್ ಡೈಆಕ್ಸೈಡೇ ಹೆಪ್ಪುಗಟ್ಟುತ್ತದೆ. ಮಂಗಳದ ಒತ್ತಡದಲ್ಲಿ ಅದಕ್ಕೆ ಸುಮಾರು ಮೈನಸ್ 125 ಡಿಗ್ರಿ ಸಾಕು. ಗಾಳಿಯ ಮುಖ್ಯ ಅನಿಲವೇ ನೆಲಕ್ಕೆ ಬಿದ್ದರೆ ಉಳಿದ ಅನಿಲಗಳ ಪಾಲು ತಾನಾಗಿ ಏರುತ್ತದೆ. ಇದನ್ನೂ ನಾವು ಋತುಗಳಲ್ಲಿ ಕಂಡಿದ್ದೇವೆ. 1976ರಲ್ಲಿ ಇಳಿದ ವೈಕಿಂಗ್ ನೌಕೆಗಳು ವರ್ಷದುದ್ದಕ್ಕೂ ಒತ್ತಡ ಅಳೆದವು. ಅದು ಸುಮಾರು ಕಾಲು ಭಾಗದಷ್ಟು ಏರಿಳಿಯುತ್ತಿತ್ತು. ಆಮೇಲೆ ಮಾರ್ಸ್ ಒಡಿಸ್ಸಿ ನೌಕೆ, ದಕ್ಷಿಣ ಧ್ರುವದ ಚಳಿಗಾಲದಲ್ಲಿ ಅಲ್ಲಿನ ಗಾಳಿಯಲ್ಲಿ ಆರ್ಗಾನ್ ಪಾಲು ಆರು ಪಟ್ಟು ಏರುವುದನ್ನು ಅಳೆಯಿತು. ಆರ್ಗಾನ್ ಹೊಸದಾಗಿ ಎಲ್ಲಿಂದಲೂ ಬಂದಿರಲಿಲ್ಲ. ಕಾರ್ಬನ್ ಡೈಆಕ್ಸೈಡ್ ಬಿದ್ದುಹೋಗಿತ್ತು. ಆರ್ಗಾನ್ ಹೆಪ್ಪುಗಟ್ಟದೆ ನಿಂತಿತ್ತು.

ಓರೆ ಕಡಿಮೆ ಇದ್ದ ಕಾಲಗಳಲ್ಲಿ ಹೀಗೆ ಬಿದ್ದ ಕಾರ್ಬನ್ ಡೈಆಕ್ಸೈಡ್ ಇನ್ನೂ ಅಲ್ಲೇ ಹೂತುಕೊಂಡಿದೆ. 2011ರಲ್ಲಿ ಮಾರ್ಸ್ ರಿಕಾನಸೆನ್ಸ್ ಆರ್ಬಿಟರಿನ ರೇಡಾರ್ ದಕ್ಷಿಣ ಧ್ರುವದ ಮಂಜಿನೊಳಗೆ ಹೆಪ್ಪುಗಟ್ಟಿದ ಕಾರ್ಬನ್ ಡೈಆಕ್ಸೈಡಿನ ದೊಡ್ಡ ದಾಸ್ತಾನನ್ನು ತೋರಿಸಿತು. ಅದೆಲ್ಲ ಒಮ್ಮೆಗೇ ಅನಿಲವಾದರೆ ಮಂಗಳದ ಗಾಳಿಯ ಒತ್ತಡ ಹೆಚ್ಚುಕಡಿಮೆ ದುಪ್ಪಟ್ಟಾಗುತ್ತದೆ. ಅದು ಒಂದೇ ಗಟ್ಟಿಯಲ್ಲ, ಪದರಗಳಾಗಿದೆ. ನಡುನಡುವೆ ನೀರಿನ ಮಂಜಿನ ತೆಳು ಹಾಳೆಗಳಿವೆ. ಗಾಳಿ ನೆಲಕ್ಕಿಳಿದದ್ದು, ಮತ್ತೆ ಎದ್ದದ್ದು, ಎಲ್ಲದರ ದಾಖಲೆ ಅಲ್ಲಿದೆ.

ಎರಡನೆಯದು ನಿಜವಾದ ಕೆಮಿಸ್ಟ್ರಿ. ಓರೆ ಕಡಿಮೆಯಾದಾಗ ಧ್ರುವದ ಮಂಜು ಆವಿಯಾಗುವುದಿಲ್ಲ. ಗಾಳಿ ಒಣಗುತ್ತದೆ. ಹೈಡ್ರಾಕ್ಸಿಲ್ ಕಡಿಮೆಯಾಗುತ್ತದೆ, ರಿಪೇರಿ ಕೆಲಸ ನಿಧಾನವಾಗುತ್ತದೆ. ಆದರೆ ಅತಿನೇರಳೆ ಕಿರಣ ಒಡೆಯುವುದನ್ನು ಬಿಡುವುದಿಲ್ಲ. ಆದ್ದರಿಂದ ಕಾರ್ಬನ್ ಮಾನಾಕ್ಸೈಡ್, ಆಕ್ಸಿಜನ್, ಓಝೋನ್ ಮೂರೂ ಏರುತ್ತವೆ. ಎಷ್ಟು ದೂರ ಏರಬಹುದು? 2008ರಲ್ಲಿ ನಾಸಾದ ಕೆವಿನ್ ಜಾನ್ಲಿ ಮತ್ತು ಸಂಗಡಿಗರು ಹಳೆಯ ಮಂಗಳದ ಬಗ್ಗೆ ಲೆಕ್ಕ ಹಾಕಿದರು. ಗಾಳಿ ದಪ್ಪವಾಗಿದ್ದು, ತಣ್ಣಗೂ ಒಣಗಿಯೂ ಇದ್ದರೆ ಕಾರ್ಬನ್ ಡೈಆಕ್ಸೈಡ್ ಸ್ಥಿರವಾಗಿ ನಿಲ್ಲುವುದೇ ಇಲ್ಲ, ಗಾಳಿ ಕಾರ್ಬನ್ ಮಾನಾಕ್ಸೈಡಿನ ಕಡೆಗೆ ಜಾರಿಬಿಡುತ್ತದೆ ಎಂದು ಅವರ ಉತ್ತರ ಬಂತು. ಮಂಗಳದ ಗಾಳಿ ಯಾವಾಗಲೂ ಈಗಿನ ಹಾಗೇ ಇತ್ತು ಎಂದು ಹೇಳುವವರನ್ನು ನಾನು ಒಪ್ಪದಿರುವುದು ಇದಕ್ಕೇ.

ಆದರೂ ಈಗಿನ ಮಂಗಳದ ಎಲ್ಲ ಏರಿಳಿತವನ್ನೂ ಈ ಒಂದು ಕಥೆಯಿಂದ ವಿವರಿಸಲು ಹೋಗಬೇಡಿ. ಗೇಲ್ ಕುಳಿಯಲ್ಲಿರುವ ಕ್ಯೂರಿಯಾಸಿಟಿ ರೋವರ್, ವಸಂತ ಮತ್ತು ಬೇಸಿಗೆಯಲ್ಲಿ ಆಕ್ಸಿಜನ್ ನೂರಕ್ಕೆ 30ರಷ್ಟು ಏರುವುದನ್ನು ಅಳೆಯಿತು. 2019ರಲ್ಲಿ ಅದು ಪ್ರಕಟವಾಯಿತು. ನೀರಾವಿಯ ಲೆಕ್ಕ ಅದನ್ನು ವಿವರಿಸಲು ಸಾಕಾಗಲಿಲ್ಲ. ಮಣ್ಣೇ ಆಕ್ಸಿಜನ್ ಬಿಡುತ್ತಿರಬಹುದೇ ಎಂದು ಹುಡುಕಾಟ ನಡೆದಿದೆ.

ನೀರಾವಿ ಮೇಲಕ್ಕೂ ಹೋಗುತ್ತದೆ. ಅಲ್ಲಿ ಒಡೆದರೆ ಹೈಡ್ರೋಜನ್ ಬಾಹ್ಯಾಕಾಶಕ್ಕೆ ಸೋರಿಹೋಗುತ್ತದೆ. ಮಂಗಳ ಸೂರ್ಯನಿಗೆ ಹತ್ತಿರವಾಗಿ, ದಕ್ಷಿಣದಲ್ಲಿ ಬೇಸಿಗೆಯಾದಾಗ ಈ ಸೋರಿಕೆ ಹತ್ತು ಪಟ್ಟಿಗೂ ಮೀರಿ ಏರುವುದನ್ನು ಹಬಲ್ ದೂರದರ್ಶಕ ಮತ್ತು ಮಾವೆನ್ ನೌಕೆ ಕಂಡಿವೆ. ಓರೆ ಹೆಚ್ಚಿದ ಕಾಲದಲ್ಲಿ ಗಾಳಿಯೆಲ್ಲ ತೇವವಾಗಿದ್ದಾಗ ಸೋರಿಕೆ ಇನ್ನೂ ಜೋರಾಗಿರುತ್ತಿತ್ತು. ಇದರ ಗುರುತು ಡ್ಯೂಟೀರಿಯಂನಲ್ಲಿದೆ. ಅದು ಭಾರದ ಹೈಡ್ರೋಜನ್, ಅಷ್ಟು ಸುಲಭವಾಗಿ ಹಾರಿಹೋಗುವುದಿಲ್ಲ. ಹಗುರದ್ದು ಹೋದ ಹಾಗೆ ಭಾರದ್ದರ ಪಾಲು ಏರುತ್ತದೆ. ಮಂಗಳದ ನೀರಿನಲ್ಲಿ ಅದು ನಮ್ಮ ಸಮುದ್ರದ ನೀರಿಗಿಂತ ಐದಾರು ಪಟ್ಟು ಜಾಸ್ತಿ. ನಮ್ಮ ಮಂಗಳಯಾನದಲ್ಲಿದ್ದ ಲೈಮನ್ ಆಲ್ಫಾ ಫೋಟೋಮೀಟರ್ ಇದನ್ನೇ ಅಳೆಯಲು ಹೋದ ಉಪಕರಣ. ಅದನ್ನು ತಯಾರಿಸಿದ್ದು ಬೆಂಗಳೂರಿನ ಪೀಣ್ಯದಲ್ಲಿರುವ ಇಸ್ರೋದ ಲಿಯೋಸ್ ಪ್ರಯೋಗಾಲಯ. ನೌಕೆಯ ಮಾತು ಕೇಳಿಸಿಕೊಂಡದ್ದು ಬೆಂಗಳೂರಿನ ಹತ್ತಿರದ ಬ್ಯಾಲಾಳಿನ 32 ಮೀಟರ್ ಆಂಟೆನಾ.

ಈಗ ಭೂಮಿ. ಇಲ್ಲಿ ಓರೆಯ ಏರಿಳಿತ ಬರೀ ಎರಡೂವರೆ ಡಿಗ್ರಿ, ನೀರಂತೂ ಬೇಕಾದಷ್ಟಿದೆ. ಹೈಡ್ರಾಕ್ಸಿಲ್ ಇಲ್ಲೂ ಮುಖ್ಯ, ಮೀಥೇನನ್ನು ತೆಗೆಯುವುದು ಅದೇ. ಆದರೆ ಅದು ಹೆಚ್ಚಾಗಿ ಹುಟ್ಟುವುದು ಉಷ್ಣವಲಯದಲ್ಲಿ. ಓರೆ ಒಂದೆರಡು ಡಿಗ್ರಿ ಬದಲಾದರೆ ಅಲ್ಲಿ ಅಂಥ ವ್ಯತ್ಯಾಸವಾಗುವುದಿಲ್ಲ. ಭೂಮಿಯಲ್ಲಿ ಓರೆ ಸುತ್ತು ಬಳಸಿ ಕೆಲಸ ಮಾಡುತ್ತದೆ. ಮೊದಲು ಹಿಮದ ಹಾಸು ಬೆಳೆಯುತ್ತದೆ ಅಥವಾ ಕರಗುತ್ತದೆ. ಆಮೇಲೆ ಸಮುದ್ರ ಕಾರ್ಬನ್ ಡೈಆಕ್ಸೈಡನ್ನು ಹಿಡಿಯುತ್ತದೆ ಅಥವಾ ಬಿಡುತ್ತದೆ, ಜೌಗು ನೆಲ ಮೀಥೇನ್ ಬಿಡುತ್ತದೆ. ಅಂಟಾರ್ಕ್ಟಿಕಾದ ಡೋಮ್ ಸಿ ಎಂಬಲ್ಲಿ ಕೊರೆದು ತೆಗೆದ ಮಂಜಿನ ಗುಳ್ಳೆಗಳಲ್ಲಿ 8 ಲಕ್ಷ ವರ್ಷಗಳ ಗಾಳಿ ಸಿಕ್ಕಿದೆ. ಹಿಮಯುಗಗಳು ಬಂದುಹೋದ ಹಾಗೆ ಕಾರ್ಬನ್ ಡೈಆಕ್ಸೈಡ್ ಹತ್ತು ಲಕ್ಷಕ್ಕೆ 180ರಿಂದ 300ರ ನಡುವೆ, ಮೀಥೇನ್ ಶತಕೋಟಿಗೆ ಸುಮಾರು 350ರಿಂದ 800ರ ನಡುವೆ ಏರಿಳಿದಿವೆ. ಇದಕ್ಕೆ ಓರೆ ಒಂದೇ ಕಾರಣವಲ್ಲ. ಅಕ್ಷ ಯಾವ ದಿಕ್ಕಿಗೆ ವಾಲಿದೆ ಎನ್ನುವುದು, ಕಕ್ಷೆಯ ಆಕಾರ ಕೂಡ ಸೇರಿಕೊಂಡಿವೆ. ಈಗಿನ ಕಾರ್ಬನ್ ಡೈಆಕ್ಸೈಡ್ 420 ದಾಟಿರುವುದಕ್ಕೂ ಓರೆಗೂ ಸಂಬಂಧವಿಲ್ಲ. ಅದು ನಾವು ಸುಟ್ಟ ಕಲ್ಲಿದ್ದಲು, ಎಣ್ಣೆಯಿಂದ ಬಂದದ್ದು.

ಭೂಮಿಯಲ್ಲೂ ಓರೆ ನೇರವಾಗಿ ಕೈ ಹಾಕಿದ ಒಂದು ಕೆಮಿಸ್ಟ್ರಿ ಇದೆ. ಅದು ಓಝೋನ್ ರಂಧ್ರ. ಓರೆ ಇಲ್ಲದಿದ್ದರೆ ಧ್ರುವದಲ್ಲಿ ತಿಂಗಳುಗಟ್ಟಲೆ ಕತ್ತಲೆ ಇರುತ್ತಿರಲಿಲ್ಲ. ಆ ಕತ್ತಲೆಯಲ್ಲಿ ಅಂಟಾರ್ಕ್ಟಿಕಾದ ಮೇಲಿನ ಗಾಳಿ ಮೈನಸ್ 78 ಡಿಗ್ರಿಗಿಂತ ಕೆಳಗಿಳಿದು ವಿಚಿತ್ರ ಮೋಡಗಳು ಹುಟ್ಟುತ್ತವೆ. ನಮ್ಮ ಫ್ರಿಜ್ಜು, ಸ್ಪ್ರೇಗಳಿಂದ ಹೋದ ಕ್ಲೋರಿನ್ ಆ ಮೋಡದ ಕಣಗಳ ಮೇಲೆ ಚುರುಕಾದ ರೂಪಕ್ಕೆ ಬಂದು ಕಾಯುತ್ತದೆ. ಸೆಪ್ಟೆಂಬರಿನಲ್ಲಿ ಸೂರ್ಯ ಮರಳಿದ ಕೂಡಲೇ ಓಝೋನನ್ನು ನಾಶ ಮಾಡುತ್ತದೆ. 1985ರಲ್ಲಿ ಜೋಸೆಫ್ ಫಾರ್ಮನ್, ಬ್ರಿಯಾನ್ ಗಾರ್ಡಿನರ್ ಮತ್ತು ಜೊನಾಥನ್ ಶಾಂಕ್ಲಿನ್ ಈ ರಂಧ್ರ ಕಂಡದ್ದನ್ನು ಪ್ರಕಟಿಸಿದರು. ಕ್ಲೋರಿನ್ ನಮ್ಮದು. ಅದಕ್ಕೆ ಬೇಕಾದ ಕತ್ತಲೆ, ಚಳಿ ಕೊಟ್ಟದ್ದು ಭೂಮಿಯ ಓರೆ.

ಶನಿಯ ಉಪಗ್ರಹ ಟೈಟನ್‌ನಲ್ಲೂ ಇಂಥದ್ದೇ ಆಗುತ್ತದೆ. ಅದರ ಓರೆ ಸುಮಾರು 27 ಡಿಗ್ರಿ, ಒಂದೊಂದು ಋತು ಏಳೂವರೆ ವರ್ಷ. 2009ರಲ್ಲಿ ದಕ್ಷಿಣ ಧ್ರುವದಲ್ಲಿ ಶರತ್ಕಾಲ ಶುರುವಾಯಿತು. 2012ರಲ್ಲಿ ಕ್ಯಾಸಿನಿ ನೌಕೆ ಅಲ್ಲಿ 300 ಕಿಲೋಮೀಟರ್ ಎತ್ತರದಲ್ಲಿ ಒಂದು ಮೋಡ ಕಂಡಿತು. ಅದು ಹೆಪ್ಪುಗಟ್ಟಿದ ಹೈಡ್ರೋಜನ್ ಸಯನೈಡ್ ಮೋಡ. ಅದು ಹೆಪ್ಪುಗಟ್ಟಬೇಕಾದರೆ ಅಲ್ಲಿ ಎಲ್ಲರೂ ಎಣಿಸಿದ್ದಕ್ಕಿಂತ ಸುಮಾರು 100 ಡಿಗ್ರಿ ಹೆಚ್ಚು ಚಳಿ ಇರಬೇಕಿತ್ತು.

ಕೊನೆಗೆ, ನೀವು ಕೇಳದಿದ್ದರೂ ಹೇಳಲೇಬೇಕಾದ ಒಂದು ಮಾತಿದೆ. ಈ ಬದಲಾವಣೆಗಳ ವೇಗ. ಮಂಗಳದ ಗಾಳಿಯಲ್ಲಿ ಓಝೋನ್ ಗಂಟೆ, ದಿನಗಳ ಲೆಕ್ಕದಲ್ಲಿ ಹೊಂದಿಕೊಳ್ಳುತ್ತದೆ. ಕಾರ್ಬನ್ ಮಾನಾಕ್ಸೈಡಿಗೆ ಕೆಲವು ವರ್ಷ, ಆಕ್ಸಿಜನ್ನಿಗೆ ದಶಕಗಳು, ಹೈಡ್ರೋಜನ್ ಅನಿಲಕ್ಕೆ ನೂರಾರು ವರ್ಷ ಸಾಕು. ಓರೆ ಬದಲಾಗುವುದು ಹತ್ತಾರು ಸಾವಿರ ವರ್ಷಗಳಲ್ಲಿ. ಹಾಗಾಗಿ ಗಾಳಿಯ ಕೆಮಿಸ್ಟ್ರಿ ಓರೆಯ ಜೊತೆಜೊತೆಗೇ ನಡೆಯುತ್ತದೆ, ಹಿಂದೆ ಬೀಳುವುದಿಲ್ಲ. ಓರೆ ಹಳೆಯ ಜಾಗಕ್ಕೆ ಮರಳಿದರೆ ಕಾರ್ಬನ್ ಮಾನಾಕ್ಸೈಡ್, ಓಝೋನ್, ಪೆರಾಕ್ಸೈಡ್ ಕೂಡ ಹಳೆಯ ಲೆಕ್ಕಕ್ಕೆ ಮರಳುತ್ತವೆ. ಸೋರಿಹೋದ ಹೈಡ್ರೋಜನ್ ಮಾತ್ರ ಮರಳುವುದಿಲ್ಲ. ಅದರ ಜೊತೆಗೆ ಅಷ್ಟು ನೀರೂ ಮಂಗಳದಿಂದ ಹೋದ ಹಾಗೆಯೇ.